ಸೋಮವಾರದ ಮೀನು

ಕೋಡಿಬಾಗದ ಲ್ಯಾಬಿಗೆ ಆ ಗೋಬ್ರೊ ಮೀನು ಕೊಟ್ಟವಳು
ನನ್ನ ಸೋದರತ್ತೆ ಶೇವಂತಿ ತಾಂಡೇಲ.
ಜೀವ ಇರುವಾಗಲೇ ಬೇಕು ಎಂದಿದ್ದರು;
ಬೈತಖೋಲಿನಿಂದ ರಿಕ್ಷಾದಲ್ಲಿ, ಡ್ರಮ್ಮಿನ ನೀರು ತುಳುಕಿಸುತ್ತ ತಂದಳು,
ಬಾಡಿಗೆ ಬೇರೆ ವಸೂಲು ಮಾಡಿ.

ಈಜುರೆಕ್ಕೆಯ ಹಿಂದೆ, ಕುಚ್ಚಲಕ್ಕಿ ಕಾಳಿನಷ್ಟು ಮಾಂಸ
ತೆಗೆದರು ಡಾಕ್ಟರ್ ಅನಘಾ. ಒಂದು ಹೊಲಿಗೆ.
ಮೀನಿಗೆ ಹೊಲಿಗೆ ಹಾಕಿದ್ದು ನೋಡಿದ್ದು ಆವತ್ತೇ ಮೊದಲು;
ನಮ್ಮಲ್ಲಿ ಹೊಲಿಯುವುದು ಬಲೆಯನ್ನು.

ಆ ಕಾಳು ತಟ್ಟೆಯಲ್ಲಿ ಬೆಳೆಯಿತು,
ಬೆಚ್ಚಗಿನ ಪೆಟ್ಟಿಗೆಯೊಳಗೆ, ಗುಲಾಬಿ ನೀರು ಕುಡಿಯುತ್ತ,
ಕಣ್ಣಿಲ್ಲದೆ, ಕಿವಿರಿಲ್ಲದೆ, ಓಡಿಹೋಗಬೇಕೆಂಬುದೇ ಇಲ್ಲದೆ.
ಮೊದಮೊದಲು ಆ ನೀರಿಗೆ ಹುಟ್ಟದ ಕರುವಿನ ರಕ್ತ ಬೀಳುತ್ತಿತ್ತು.
ಈಗ ಇಲ್ಲ, ಸೋಯಾ, ಎನ್ನುತ್ತಾರೆ.
ಬಾಟಲಿ ತೊಳೆಯುವವನು ನಾನು; ಲೇಬಲ್ ಬದಲಾದದ್ದು ನಿಜ.

ಗೋಬ್ರೊ ಟ್ಯಾಂಕಿನಲ್ಲೇ ಉಳಿಯಿತು.
ಕೊಲ್ಲದೆ ಉಳಿಸಿದ ಮೀನು ಎಂದು ಬಂದವರಿಗೆಲ್ಲ ತೋರಿಸುತ್ತಾರೆ.
ಅದಕ್ಕೆ ದಿನಕ್ಕೆ ಕಾಲು ಕಿಲೊ ತಾರ್ಲೆ.
ತರುವುದು ನಾನು, ಕೊಡುವುದು ಅತ್ತೆ.
ಎರಡು ವರ್ಷದಲ್ಲಿ ಎಷ್ಟು ತಾರ್ಲೆ ಎಂದು ಯಾರೂ ಕೇಳಲಿಲ್ಲ,
ಚೀಟಿ ಮಾತ್ರ ತಿಂಗಳ ಕೊನೆಗೆ ಅಕೌಂಟ್ಸಿಗೆ ಹೋಗುತ್ತದೆ.

ಹೀಗೆ ಹೇಳಿದರೆ ವಿರೋಧಿ ಅಂದುಕೊಳ್ಳಬೇಡಿ.
ಲೈಟು ಹಾಕಿ ಹಿಡಿಯುವ ಬೋಟಿನಲ್ಲಿ ಮೂರು ಹಂಗಾಮು ದುಡಿದವನು.
ಕಿರುಬೆರಳಿನಷ್ಟಿಲ್ಲದ ಬಂಗಡೆ ಮರಿ
ಸಲಿಕೆಯಲ್ಲಿ ಎತ್ತೆತ್ತಿ ಲಾರಿಗೆ ಹಾಕಿ
ಎಣ್ಣೆ ಮಿಲ್ಲಿಗೆ ಕಳಿಸಿದ ಕೈ ಇದು.
ಸಮುದ್ರ ಬರಿದಾದದ್ದನ್ನು ನನಗೆ ಯಾರೂ ಚಾರ್ಟು ಹಾಕಿ ತೋರಿಸಬೇಕಿಲ್ಲ.

ರುಚಿ ನೋಡಲು ಕರೆದದ್ದು ಒಂದು ಸೋಮವಾರ.
ಬಿಳಿ ತಟ್ಟೆ, ರವೆ ಹಚ್ಚಿ ಹುರಿದ ತುಂಡು, ಬೆಂಗಳೂರಿನ ಕ್ಯಾಮೆರಾ.
ಅತ್ತೆ ಕೈ ಮುಂದೆ ಮಾಡಿ ಹಿಂದೆಳೆದಳು:
"ಇವತ್ತು ಸೋಮಾರ. ತಿನ್ನೂಕೆ ಅಡ್ಡಿಲ್ವಾ?"
ಡಾಕ್ಟರ್ ನಕ್ಕರು: "ಯಾವ ಮೀನೂ ಸತ್ತಿಲ್ಲ, ಶೇವಂತಕ್ಕ."
"ಹಂಗಾರೆ ಇದು ಮೀನೇ ಅಲ್ಲ.
ಮೀನಲ್ಲದಿದ್ರೆ ಇಸ್ವಾಣದ ರೇಟು ಎಂತಕೆ?"
ಯಾರೂ ಮಾತಾಡಲಿಲ್ಲ. ತಿಂದಳು.
ನಾಲಿಗೆ ಬಾಯಿತುಂಬ ಮುಳ್ಳು ಹುಡುಕಿತು, ಹೊರಗಿಂದಲೇ ಕಾಣುತ್ತಿತ್ತು;
ಸಿಗದೆ, ಬೆರಳು ಸುಮ್ಮನೆ ತುಟಿಗೆ ಹೋಗಿ ಬಂತು.
"ಚಲೋ ಇದೆ," ಎಂದಳು. ಆಮೇಲೆ ಹೊರಗೆ, ಮೆಟ್ಟಿಲ ಮೇಲೆ, ಚಪ್ಪಲಿ ಹುಡುಕುತ್ತ:
"ಇದ್ಕೆ ಮೆಟ್ಗತ್ತಿ ಬೇಡ, ಅಲ್ದಾ?"

ಜೂನಿನ ಗಾಳಿಗೆ ಕಂಬ ಬಿತ್ತು.
ಕೈಗಾದ ತಂತಿ ನಮ್ಮ ನೆತ್ತಿ ದಾಟಿ ಎಲ್ಲೆಲ್ಲಿಗೋ ಹೋಗುತ್ತದೆ;
ಕದ್ರಾದ ನೀರಿಗೆ ಮನೆ ಬಿಟ್ಟುಕೊಟ್ಟವರ ಓಣಿಯಲ್ಲೂ ಆ ರಾತ್ರಿ ಕತ್ತಲೆ,
ಲ್ಯಾಬಿನಲ್ಲೂ.
ಜನರೇಟರು ಎರಡು ಸಲ ಕೆಮ್ಮಿ ನಿಂತಿತು.

ಬೆಳಿಗ್ಗೆ ಪೆಟ್ಟಿಗೆ ತೆಗೆದರೆ ಹನ್ನೆರಡು ತಟ್ಟೆಯೂ ಬೂದು.
ರಿಜಿಸ್ಟರಿನಲ್ಲಿ ಬರೆಯಬೇಕು.
ಸತ್ತಿತು ಎಂದು ಬರೆದೆ. ಹೊಡೆದು ಹಾಕಿದೆ.
ಕೆಟ್ಟಿತು ಎಂದು ಬರೆದೆ. ಹಾಲು ಕೆಡುತ್ತದೆ, ನಿನ್ನೆಯ ಸಾರು ಕೆಡುತ್ತದೆ;
ಇದು ಸೂಕ್ಷ್ಮದರ್ಶಕದ ಅಡಿಯಲ್ಲಿ ಮಿಡುಕಿದ್ದನ್ನು
ಮೊನ್ನೆಯಷ್ಟೇ ನೋಡಿದ್ದೇನೆ, ಎಳೆಯೊಂದು ತಾನಾಗಿ ಬಿಗಿದು ಸಡಿಲಿದ್ದನ್ನು.
ಸಾಯುವುದಕ್ಕೆ ಮೊದಲು ಯಾರಾದರೂ ಆಗಿರಬೇಕಾ?
ಹಾಳೆಯಲ್ಲಿ ಜಾಗ ಮುಗಿಯುತ್ತ ಬಂತು.
ಕರೆಂಟು ಹೋಯಿತು, ಎಂದು ಬರೆದು ಸಹಿ ಹಾಕಿದೆ.

ಗೋಬ್ರೊ ಬದುಕಿತ್ತು.
ಪಂಪು ನಿಂತ ಟ್ಯಾಂಕಿಗೆ ರಾತ್ರಿಯಿಡೀ ಮಗ್ಗಿನಲ್ಲಿ ನೀರು ಎತ್ತಿ ಸುರಿದಿದ್ದೆ,
ಗುಳ್ಳೆ ಏಳಲಿ ಎಂದು. ತೋಳು ಬಿದ್ದುಹೋಗಿತ್ತು.
ಹೊಲಿಗೆಯ ಗುರುತು ಈಗ ಹುಡುಕಿದರೂ ಕಾಣದು.
ಮೇಲೆ ಬಂದು ಬಾಯಿ ಕಳೆಯಿತು.

ಪೇಟೆಯಲ್ಲಿ ಅತ್ತೆ ಒಬ್ಬಳೇ, ಬುಟ್ಟಿಗೆ ಗೋಣಿತಾಟು ಮುಚ್ಚಿ.
ಬಂದರು ಬಂದ್, ಮೇಲಾಗಿ ಸೋಮವಾರ.
ನನ್ನ ಮುಖ ನೋಡಿ ಏನೂ ಕೇಳಲಿಲ್ಲ,
ಐಸಿನಡಿಯಿಂದ ತಾರ್ಲೆ ತೆಗೆದು ಎಣಿಸಿ ಹಾಕಿದಳು,
ಹನ್ನೊಂದು, ಕೊಸರಿಗೆ ಇನ್ನೊಂದು.
"ತಕಂಡು ಹೋಗು. ಅದ್ಕೆಲ್ಲಿ ವಾರ."